ದೇವರ ಚಿತ್ತ ಅಂತ ಯಾರಿಗೆ ಹೇಳ್ತೀ?

ಮಗಾ, ಸಾವಿನ ಮನೆಗೆ ಹೋದಾಗ, ಕಾಯಿಲೆಯವರ ಹಾಸಿಗೆ ಪಕ್ಕ ಕೂತಾಗ, "ಎಲ್ಲಾ ದೇವರ ಚಿತ್ತ" ಅಂತ ಹೇಳಿ ಎದ್ದು ಬರಬೇಡ. ಕೆಲವು ನೋವಿಗೆ ಆ ಮಾತು ನಿಜವಿರಬಹುದು. ಆದರೆ ಅದನ್ನು ಹೇಳುವ ಹಕ್ಕು ನೋವು ಉಣ್ಣುವವನದು, ನೋಡಲು ಬಂದವನಿಗೆ ಅದಿಲ್ಲ. ಎಷ್ಟೋ ಮನೆಗಳಲ್ಲಿ ಜಪಸರ ಹೇಳಿಸಿದ ಈ ಮುದುಕನಿಗೆ ಗಟ್ಟಿಯಾಗಿ ತಿಳಿದದ್ದು ಇದೊಂದೇ.

ಬೈಬಲಿನ ಯೋಬನ ಕಥೆ ನಿನಗೆ ಗೊತ್ತು. ಮಕ್ಕಳು ಸತ್ತು, ಆಸ್ತಿ ಹೋಗಿ, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತವನ ಬಳಿಗೆ ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ತುಟಿ ಎರಡು ಮಾಡದೆ ಕೂತರು. ಅಲ್ಲಿಯವರೆಗೂ ಒಳ್ಳೆಯವರೇ. ಬಾಯಿ ತೆರೆದು ದೇವರ ಪರ ವಕೀಲಿಕೆ ಶುರುಮಾಡಿದರು ನೋಡು, ಅಲ್ಲಿಗೆ ಕೆಟ್ಟಿತು. ಯೋಬನೂ ದೇವರಿಂದ ಮಾತು ಕೇಳಬೇಕಾಯಿತು, ಇಲ್ಲವೆನ್ನುವುದಿಲ್ಲ. ಆದರೆ ದೇವರ ಸಿಟ್ಟು ಉರಿದದ್ದು ಆ ಗೆಳೆಯರ ಮೇಲೆ. ಯೋಬನೇ ಅವರಿಗಾಗಿ ಬೇಡಿಕೊಳ್ಳಬೇಕಾಯಿತು.

ಎಲ್ಲ ನೋವೂ ದೇವರಿಂದ ಬಂದದ್ದೂ ಅಲ್ಲ. ನಮ್ಮ ಸೀಮೆಯಲ್ಲೇ ನೋಡು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನ ಇದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ನಮ್ಮ ಹಾಗೆ ಜಪಸರ ಹಿಡಿದ ಕಥೋಲಿಕರು ಎಲ್ಲರೂ ಉಂಟು. ಅವರ ಹಿರಿಯರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಹಡಗಿನಲ್ಲಿ ತಂದು ಗೋವಾದಲ್ಲಿ ಗುಲಾಮರನ್ನಾಗಿ ಮಾರಿದರು. ತಂದವರ ಕೊರಳಲ್ಲೂ ಶಿಲುಬೆ ಇತ್ತು ಎಂಬುದನ್ನು ನಾವು ಮರೆಯಬಾರದು. ಆ ಗುಲಾಮಗಿರಿಯನ್ನು ದೇವರ ಚಿತ್ತ ಅಂದುಕೊಂಡು ಅವರು ಅಲ್ಲೇ ತಲೆಬಾಗಿ ನಿಂತಿದ್ದರೆ ಇಲ್ಲಿ ಸಿದ್ದಿಗಳ ಊರುಗಳೇ ಇರುತ್ತಿರಲಿಲ್ಲ. ಓಡಿದರು, ಘಟ್ಟ ಹತ್ತಿದರು, ಕಾಡು ಸೇರಿದರು. ಇಲ್ಲಿನ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ, ಅದೂ ಕೇಳಿ ಕೇಳಿ ಪಡೆದದ್ದು. ಮನುಷ್ಯ ಮಾಡಿದ ಅನ್ಯಾಯವನ್ನು ದೇವರ ಲೆಕ್ಕಕ್ಕೆ ಬರೆಯುವುದು ಭಕ್ತಿಯಲ್ಲ ಮಗಾ, ಅಪವಾದ.

ಹಾಗಾದರೆ ಶರಣಾಗತಿ ಅಂದರೇನು ಅಂತ ಕೇಳ್ತೀಯಲ್ಲ? ಸಂತ ಜೋಸೆಫ್ ವಾಜರನ್ನು ನೋಡು. 1651ರಲ್ಲಿ ಗೋವಾದ ಬಾಣಾವಲಿಯಲ್ಲಿ ಹುಟ್ಟಿದವರು. 1681ರಿಂದ ಮೂರು ವರ್ಷ ನಮ್ಮ ಕೆನರಾ ಕರಾವಳಿಯಲ್ಲಿ ಸೇವೆ ಮಾಡಿ, 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಂಹಳಕ್ಕೆ ಹೋದರು. ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ಕಾಲಿಡಲು ಬಿಡದ ಕಾಲ ಅದು. 1692ರಲ್ಲಿ ಕ್ಯಾಂಡಿಗೆ ಹೋದರೆ ಅಲ್ಲಿನ ರಾಜ ಇವರನ್ನು ಪೋರ್ಚುಗೀಸರ ಗೂಢಚಾರ ಅಂತ ಸೆರೆಯಲ್ಲಿಟ್ಟ. ಸೆರೆಯಲ್ಲಿ ಅವರು ಮಾಡಿದ್ದೇನು ಗೊತ್ತೆ? ಪ್ರಾರ್ಥನೆ ಮಾಡಿದರು, ಸಿಂಹಳಿ ಭಾಷೆ ಕಲಿತರು. ಶರಣಾಗತಿ ಅಂದರೆ ನನಗೆ ಆ ಭಾಷೆ ಕಲಿತದ್ದೇ ಕಣ್ಣಿಗೆ ಬರುತ್ತದೆ. ಬಾಗಿಲು ತೆರೆಯುವುದು ತನ್ನ ಕೈಲಿಲ್ಲ ಅಂತ ಒಪ್ಪಿಕೊಂಡರು, ತನ್ನ ಕೈಲಿದ್ದದ್ದನ್ನು ಬಿಡಲಿಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು.

ನಿನಗೆ ನೋವು ಬಂದಾಗ ಮೊದಲೇ "ಆಗಲಿ ಸ್ವಾಮಿ" ಅನ್ನಬೇಕಂತಿಲ್ಲ. ಗೆತ್ಸೆಮನೆ ತೋಪಿನಲ್ಲಿ ಯೇಸುಸ್ವಾಮಿ ಮೊದಲು ಬೇಡಿದ್ದು ಆ ಕಷ್ಟದ ಪಾತ್ರೆ ತನ್ನಿಂದ ದೂರವಾಗಲಿ ಅಂತ. ಮತ್ತಾಯ ಬರೆದ ಪ್ರಕಾರ ಮೂರು ಸಲ ಹೋಗಿ ಬೇಡಿದರು. ಸಂತ ಪೌಲರೂ ಮೈಗೆ ನೆಟ್ಟ ಮುಳ್ಳು ತೆಗೆಯೆಂದು ಮೂರು ಸಲ ಮೊರೆಯಿಟ್ಟರು. ಮುಳ್ಳು ಹೋಗಲಿಲ್ಲ, ಸಾಕಾಗುವಷ್ಟು ಕೃಪೆ ಸಿಕ್ಕಿತು. ಶುಂಠಿ ಕೊಳೆತು ಸಾಲ ತಲೆ ಮೇಲೆ ಬಂದಾಗ, ವರದಿ ಕೈಲಿ ಹಿಡಿದು ಹುಬ್ಬಳ್ಳಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಾಗ, ಬೇಡು, ಅಳು, ಜಗಳವನ್ನೂ ಆಡು. ಔಷಧಿ ಮಾತ್ರ ತಪ್ಪಿಸಬೇಡ, ಪ್ರಾರ್ಥನೆ ಮಾಡ್ತೇನೆ ಅಂತ ಡಾಕ್ಟರನ್ನು ಬಿಡಬೇಡ. ಬೇಡಿ ಬೇಡಿ ಕೊನೆಗೆ ನಿನ್ನೊಳಗಿಂದಲೇ "ನಿನ್ನ ಚಿತ್ತದಂತೆ" ಅಂತ ಬಂದರೆ, ಅದು ನಿನ್ನ ಮಾತು. ಬರಲು ತಡವಾದರೂ ದೇವರು ಮುನಿಸಿಕೊಳ್ಳುವುದಿಲ್ಲ.

ಇನ್ನೊಬ್ಬರ ನೋವಿನ ಮುಂದೆ ನಿನ್ನ ಪಾಲಿಗೆ ಬಂದದ್ದು ಶಿಲುಬೆ ಹಾದಿಯ ಐದನೇ ಸ್ಥಳ. ಸಿರೇನಿನ ಸಿಮೋನ ಅಲ್ಲಿ ಉಪದೇಶ ಮಾಡಲಿಲ್ಲ, ಯೇಸುವಿನ ಶಿಲುಬೆಗೆ ಹೆಗಲು ಕೊಟ್ಟ. ಅದೂ ಬಲವಂತಕ್ಕೆ ಸಿಕ್ಕಿ. ಮನಸ್ಸಿಲ್ಲದಿದ್ದರೂ ಹೋಗು. ರಾತ್ರಿ ಆಸ್ಪತ್ರೆಯಲ್ಲಿ ಕೂರಲು ಜನ ಬೇಕೇ, ದನಕ್ಕೆ ಮೇವು ಹಾಕಬೇಕೇ, ಕೇಳು. ಜೊತೆಗೆ ಒಂದು ಜಪಸರ ಹೇಳು, ಅವರಿಗೆ ಬೇಕಿದ್ದರೆ.

ಒಂದು ಮಾತು ಉಳಿಯಿತು. ನಮ್ಮ ಮನೆಗಳಲ್ಲಿ ಪಾದ್ರಿಗಳನ್ನು ಕರೆಯಲು ಹೆದರುತ್ತಾರೆ, ರೋಗಿಗೆ ಎಣ್ಣೆ ಹಚ್ಚುವ ಅಭ್ಯಂಗ ಸಂಸ್ಕಾರ ಕೊಟ್ಟರೆ ಇನ್ನು ಮುಗಿಯಿತು ಅಂತ. ಆ ಸಂಸ್ಕಾರ ಸಾಯುವ ಗಳಿಗೆಗೆ ಮಾತ್ರ ಮೀಸಲಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆಯೇ ಹೇಳಿದೆ. ದೊಡ್ಡ ಆಪರೇಷನ್‌ಗೆ ಮೊದಲೂ ಪಡೆಯಬಹುದು, ಕಾಯಿಲೆ ಹೆಚ್ಚಿದರೆ ಮತ್ತೊಮ್ಮೆಯೂ ಪಡೆಯಬಹುದು. ರೋಗಿಗೆ ಪ್ರಜ್ಞೆ ಇರುವಾಗಲೇ ಪಾದ್ರಿಗಳಿಗೆ ಫೋನ್ ಮಾಡು.