ಸಹಿಗೆ ಮುನ್ನ ವಕೀಲರನ್ನು ಕೇಳಿ

ಜರ್ಮನಿಯಲ್ಲಿ ಹೂಡಿದ ಕ್ರಿಮಿನಲ್ ಕೇಸಿಗೆ ಇಟಲಿಯ ವಿಮಾನ ನಿಲ್ದಾಣದಲ್ಲಿ ಬಂಧನವಾಗಬಹುದು. ಯುರೋಪಿಯನ್ ಒಕ್ಕೂಟದ 27 ದೇಶಗಳಲ್ಲಿ ನಡೆಯುವ ‘ಯುರೋಪಿಯನ್ ಅರೆಸ್ಟ್ ವಾರಂಟ್’ಗೆ ಅಂಥ ಬಲವಿದೆ. ಇದು ಆ ದೇಶಗಳ ಪ್ರಜೆಗಳಿಗೆ ಮಾತ್ರವಲ್ಲ, ಅಲ್ಲಿ ಓದುವ, ದುಡಿಯುವ ನಮ್ಮವರಿಗೂ ಅನ್ವಯಿಸುತ್ತದೆ.

ಮೊದಲು ಇಂಥ ಹಸ್ತಾಂತರದಲ್ಲಿ ಸರ್ಕಾರಗಳ ಮರ್ಜಿಯೂ ಸೇರಿತ್ತು. 1995ರ ಪ್ಯಾರಿಸ್ ಬಾಂಬ್ ಸ್ಫೋಟಗಳ ಆರೋಪಿಯೊಬ್ಬನನ್ನು ಬ್ರಿಟನ್ನಿನಿಂದ ಕರೆತರಲು ಫ್ರಾನ್ಸ್ ಹತ್ತು ವರ್ಷ ಕಾದಿತ್ತು. 2004ರ ಜನವರಿ 1ರಿಂದ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ತೀರ್ಮಾನ ನ್ಯಾಯಾಂಗದ್ದು. 2005ರ ಲಂಡನ್ ಬಾಂಬ್ ಯತ್ನದ ಆರೋಪಿ ರೋಮ್‌ನಲ್ಲಿ ಸಿಕ್ಕಿಬಿದ್ದು ಎರಡು ತಿಂಗಳೊಳಗೆ ಲಂಡನ್ ತಲುಪಿದ. ಸಂತ್ರಸ್ತರಿಗೆ ಈ ವೇಗ ಬೇಕೇಬೇಕು. ಆದರೆ ನಿರಪರಾಧಿಯೊಬ್ಬ ಸಿಕ್ಕಿಬಿದ್ದಾಗ ಇದೇ ವೇಗ ಅವನನ್ನು ಕಂಗೆಡಿಸುತ್ತದೆ.

ಬಂಧನವಾದೊಡನೆ ವಾರಂಟಿನಲ್ಲಿ ಏನಿದೆಯೆಂದು ತಿಳಿಯುವ, ವಕೀಲರನ್ನೂ ದುಭಾಷಿಯನ್ನೂ ಪಡೆಯುವ ಹಕ್ಕು ನಿಮ್ಮದು. ವಾರಂಟ್ ಹೊರಡಿಸಿದ ದೇಶದಲ್ಲೂ ಇನ್ನೊಬ್ಬ ವಕೀಲರನ್ನು ನೇಮಿಸಿಕೊಳ್ಳಲು ಬಹುತೇಕ ದೇಶಗಳಲ್ಲಿ ಅವಕಾಶವಿದೆ. ಭಾರತೀಯ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಿಸುವಂತೆ ಕೇಳಿ. ಕೇಳದಿದ್ದರೆ ತಾವಾಗಿ ತಿಳಿಸುತ್ತಾರೆಂದು ನಂಬಿ ಕೂರಬೇಡಿ. ಷರತ್ತಿನ ಮೇಲೆ ಬಿಡುಗಡೆಯನ್ನೂ ಕೋರಬಹುದು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಹಸ್ತಾಂತರಕ್ಕೆ ಒಪ್ಪುತ್ತೀರಾ?’ ಎಂಬ ಪ್ರಶ್ನೆ ಎದುರಾದಾಗ. ಒಪ್ಪಿದರೆ 10 ದಿನಗಳಲ್ಲಿ ತೀರ್ಮಾನವಾಗಬೇಕು. ಒಪ್ಪದಿದ್ದರೆ ಬಂಧನವಾದ 60 ದಿನಗಳೊಳಗೆ. ಅದನ್ನು ಇನ್ನೂ 30 ದಿನ ವಿಸ್ತರಿಸಬಹುದು. ಬೇಗ ಮುಗಿಯಲಿ ಎಂದು ಹೂಂ ಅನ್ನುವ ಆಸೆ ಸಹಜ. ಆದರೆ ಕೊಟ್ಟ ಒಪ್ಪಿಗೆಯನ್ನು ಸಾಮಾನ್ಯವಾಗಿ ಹಿಂಪಡೆಯಲಾಗದು. ಜೊತೆಗೆ, ವಾರಂಟಿನಲ್ಲಿರುವ ಅಪರಾಧಕ್ಕಲ್ಲದೆ ಬೇರೆ ಹಳೆಯ ಆರೋಪಕ್ಕೆ ವಿಚಾರಣೆ ನಡೆಸದಂತೆ ಕಾಪಾಡುವ ರಕ್ಷಣೆಯನ್ನು ಬಿಟ್ಟುಕೊಡಿ ಎಂದೂ ಕೇಳಬಹುದು. ಇವೆರಡೂ ಬೇರೆ ಬೇರೆ. ಒಂದಕ್ಕೆ ಒಪ್ಪಿದ ಭರದಲ್ಲಿ ಇನ್ನೊಂದನ್ನು ಕಳೆದುಕೊಳ್ಳಬಾರದು.

ನ್ಯಾಯಾಲಯ ಹಸ್ತಾಂತರವನ್ನು ತಿರಸ್ಕರಿಸುವುದೂ ಉಂಟು. ಅದೇ ಕೃತ್ಯಕ್ಕೆ ಒಕ್ಕೂಟದ ಇನ್ನೊಂದು ದೇಶದಲ್ಲಿ ಅಂತಿಮ ತೀರ್ಪಾಗಿ ಶಿಕ್ಷೆ ಮುಗಿದಿದ್ದರೆ, ಆರೋಪಿ ಹೊಣೆ ಹೊರುವ ವಯಸ್ಸು ತಲುಪಿರದಿದ್ದರೆ ಕಳಿಸುವಂತಿಲ್ಲ. ಜೈಲಿನಲ್ಲಿ ಅಮಾನವೀಯವಾಗಿ ನಡೆಸಿಕೊಳ್ಳುವ ನಿಜವಾದ ಅಪಾಯವಿದ್ದರೆ ಹಸ್ತಾಂತರ ತಡೆಹಿಡಿದು ವಿವರ ಕೇಳಬೇಕೆಂದು ಒಕ್ಕೂಟದ ನ್ಯಾಯಾಲಯ 2016ರಲ್ಲಿ ಹೇಳಿತು. ಹಂಗೇರಿ, ರೊಮೇನಿಯಾ ಹೊರಡಿಸಿದ್ದ ವಾರಂಟ್‌ಗಳಿಂದ ಎದ್ದ ಪ್ರಶ್ನೆ ಅದು. ಆದರೆ ‘ನಾನು ತಪ್ಪು ಮಾಡಿಲ್ಲ’ ಎಂಬ ವಾದವಷ್ಟೇ ಇಲ್ಲಿ ಸಾಲದು. ಅದರ ತೀರ್ಮಾನ ವಾರಂಟ್ ಹೊರಡಿಸಿದ ದೇಶದಲ್ಲೇ ಆಗುತ್ತದೆ.

ಆದ್ದರಿಂದ ಅಲ್ಲಿರುವ ಮಕ್ಕಳಿಗೆ ಒಂದು ಮಾತು ಹೇಳಿಡಿ: ವಕೀಲರು ಬಂದು ವಿವರಿಸುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.