ಕುಡುಗೋಲು ಬದಲಾಯಿಸಿದ ಚಿತ್ರಕಾರ

ಇರೋದನ್ನ ಇರೋ ಹಾಗೇ ಬರೀಬೇಕು ಅಂತ ನಾವೆಲ್ಲ ಎಂಜಿನಿಯರಿಂಗ್ ಡ್ರಾಯಿಂಗ್ ಕ್ಲಾಸಲ್ಲಿ ಕಲಿತಿದ್ದೀವಿ. ಒಂದು ಗೆರೆ ತಪ್ಪಿದ್ರೂ ಮಾರ್ಕ್ಸ್ ಹೋಯ್ತು. ಈ ಸಲ, ಸರಿಯಾಗಿ ಬರೆದಿದ್ದನ್ನು ತಾನೇ ಅಳಿಸಿದ ಒಬ್ಬ ಚಿತ್ರಕಾರನನ್ನು ನೋಡೋಣ.

ಅಮೆರಿಕದ ಅಂತರ್ಯುದ್ಧ 1861ರಿಂದ 1865ರವರೆಗೆ ನಡೆಯಿತು. ಸತ್ತ ಸೈನಿಕರೇ 6 ಲಕ್ಷಕ್ಕೂ ಹೆಚ್ಚು. ವಿನ್‌ಸ್ಲೋ ಹೋಮರ್ ಆಗ 'ಹಾರ್ಪರ್ಸ್ ವೀಕ್ಲಿ' ಪತ್ರಿಕೆಗಾಗಿ ಸೇನಾ ಶಿಬಿರಗಳಿಗೆ ಹೋಗಿ ಚಿತ್ರ ಬರೆಯುತ್ತಿದ್ದ. ಯುದ್ಧ ಮುಗಿದ 1865ರಲ್ಲೇ ಅವನು 'ದಿ ವೆಟರನ್ ಇನ್ ಎ ನ್ಯೂ ಫೀಲ್ಡ್' ಚಿತ್ರಿಸಿದ. ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಚಿತ್ರ ತುಂಬಾ ಸರಳ. ಮೇಲೆ ಒಂದು ಪಟ್ಟಿ ಆಕಾಶ, ನಡುವೆ ಮಾಗಿದ ಗೋಧಿ, ಕೆಳಗೆ ಕೊಯ್ದ ಪೈರು. ಒಬ್ಬನೇ ಒಬ್ಬ ನಮಗೆ ಬೆನ್ನು ಹಾಕಿ ಕೊಯ್ಯುತ್ತಿದ್ದಾನೆ. ಯುದ್ಧದಿಂದ ಮರಳಿದವನು ಅಂತ ಗೊತ್ತಾಗೋದು ಹೇಗೆ? ಬಲಗಡೆ ಮೂಲೆ ನೋಡಿ: ಕಳಚಿಟ್ಟ ಸೈನಿಕನ ಕೋಟು, ನೀರಿನ ಕ್ಯಾಂಟೀನು.

ಈಗ ಅವನ ಕೈಯಲ್ಲಿರೋ ಉಪಕರಣಕ್ಕೆ ಬರೋಣ. ಆ ಕಾಲದ ಅಮೆರಿಕದಲ್ಲಿ ಗೋಧಿ ಕೊಯ್ಯಲು ಯಂತ್ರಗಳೇ ಬಂದಿದ್ದವು. ಕೈಯಲ್ಲಿ ಕೊಯ್ಯುವವರು ಅಲಗಿನ ಜೊತೆ ಮರದ ಬೆರಳುಗಳಿದ್ದ 'ಕ್ರೇಡಲ್' ಬಳಸುತ್ತಿದ್ದರು. ಕೊಯ್ದ ಪೈರು ಚೆದುರದೆ ಒಂದೇ ಸಾಲಿಗೆ ಬೀಳಲಿ ಅಂತ ಆ ಬೆರಳುಗಳು. ಹೋಮರ್ ಮೊದಲು ಬರೆದದ್ದೂ ಅದನ್ನೇ. ಆಮೇಲೆ ಬೆರಳುಗಳ ಮೇಲೆ ಬಣ್ಣ ಬಳಿದು, ಉದ್ದ ಹಿಡಿಯ ಹಳೇ ಒಂಟಿ ಅಲಗನ್ನಷ್ಟೇ ಉಳಿಸಿದ. ತೈಲವರ್ಣ ಹಳತಾದಂತೆ ಪಾರದರ್ಶಕವಾಗುತ್ತೆ. ಅಳಿಸಿದ ಗೆರೆಗಳ ಗುರುತು ಈಗಲೂ ಕಾಣುತ್ತೆ.

ಯಾಕೆ ಹೀಗೆ ಮಾಡಿದ? ನಮ್ಮ ಯಮನ ಕೈಯಲ್ಲಿ ಪಾಶ ಇದ್ದಂತೆ, ಪಾಶ್ಚಾತ್ಯರ ಸಾವಿನ ಕೈಯಲ್ಲಿರುವುದು ಇದೇ ಉದ್ದ ಹಿಡಿಯ ಕುಡುಗೋಲು. ಕ್ರೇಡಲ್ ಇದ್ದಿದ್ದರೆ ಇದು ಬರೀ ಸುಗ್ಗಿಯ ಚಿತ್ರ ಆಗ್ತಿತ್ತು. ಒಂಟಿ ಅಲಗಿನಿಂದಾಗಿ ಬೀಳುತ್ತಿರುವ ಒಂದೊಂದು ತೆನೆಯೂ ರಣರಂಗವನ್ನು ನೆನಪಿಸುತ್ತೆ. 1863ರ ಗೆಟ್ಟಿಸ್‌ಬರ್ಗ್ ಕದನದಲ್ಲಿ ಸಾವಿರಾರು ಸೈನಿಕರು ಸತ್ತು ಗಾಯಗೊಂಡ ಒಂದು ಜಾಗವೂ ಗೋಧಿ ಹೊಲವೇ.

ಹೆಸರಲ್ಲಿರೋ 'ಫೀಲ್ಡ್' ಪದಕ್ಕೆ ಕನ್ನಡದಲ್ಲಿ 'ಕ್ಷೇತ್ರ' ಚೆನ್ನಾಗಿ ಒಪ್ಪುತ್ತೆ. ಕ್ಷೇತ್ರ ಅಂದ್ರೆ ಹೊಲವೂ ಹೌದು, ಕುರುಕ್ಷೇತ್ರದ ಕ್ಷೇತ್ರವೂ ಹೌದು. ಹಳೇ ಕ್ಷೇತ್ರದಿಂದ ಹೊಸ ಕ್ಷೇತ್ರಕ್ಕೆ ಬಂದವನು ಕೋಟು ಕಳಚಿದ್ದಾನೆ, ನಿಜ. ಆದರೆ ಕೈಗಳು ಅವೇ. ಊರು ಚೇತರಿಸಿಕೊಳ್ಳೋಕೆ ಬೆಳೆ ಬೇಕು, ಅದನ್ನು ಅವನು ಕೊಯ್ಯುತ್ತಿದ್ದಾನೆ. ಅವನು ಚೇತರಿಸಿಕೊಂಡನಾ? ಮುಖ ನೋಡಿ ಹೇಳೋಣ ಅಂದ್ರೆ ಹೋಮರ್ ಅದನ್ನು ತೋರಿಸಿಲ್ಲ.

ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಚಿತ್ರ ಇದೆ. ಝೂಮ್ ಮಾಡಿ, ಅಳಿಸಿದ ಬೆರಳುಗಳನ್ನು ಹುಡುಕಿ ನೋಡಿ.