ಇಂಗ್ಲಿಷಿನ ಆಡುಮಾತಿನಲ್ಲಿ ಭವಿಷ್ಯತ್ಕಾಲ

ನೀರಿಗೆ ಬಿದ್ದ ಪರದೇಶಿಯೊಬ್ಬನ ಕಥೆಯು ಇಂಗ್ಲಿಷ್ ವ್ಯಾಕರಣವನ್ನು ಬೋಧಿಸುವವರಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಈಜು ಬಾರದ ಅವನು ‘ಐ ವಿಲ್ ಡ್ರೌನ್, ನೋಬಡಿ ಶಲ್ ಸೇವ್ ಮಿ’ ಎಂದು ಕೂಗಿಕೊಂಡನು. ‘ಮುಳುಗಿಹೋಗುತ್ತೇನೆ, ಉಳಿಸುವವರು ಯಾರೂ ಇಲ್ಲ’ ಎಂಬುದು ಅವನ ಗೋಳು. ದಡದಲ್ಲಿದ್ದ ಇಂಗ್ಲಿಷರಿಗಾದರೋ ಅದು ‘ನಾನು ಮುಳುಗಿಯೇ ತೀರುವೆನು; ಯಾರೂ ನನ್ನನ್ನು ಉಳಿಸಕೂಡದು’ ಎಂದು ಕೇಳಿಸಿತು. ಅವನ ಇಚ್ಛೆಗೆ ಅಡ್ಡಿಬರುವುದು ಸಲ್ಲದೆಂದು ಅವರು ಸುಮ್ಮನೆ ನಿಂತರಂತೆ.

ಕಥೆಯು ಕಟ್ಟಿದ್ದೆಂಬುದು ಸ್ಪಷ್ಟ. ಅದರ ಹಿಂದಿರುವ ನಿಯಮ ಮಾತ್ರ ಪುಸ್ತಕಗಳಲ್ಲಿ ದೀರ್ಘಕಾಲ ಬಾಳಿತು. ಗಣಿತಜ್ಞನಾದ ಜಾನ್ ವಾಲಿಸನು ಲ್ಯಾಟಿನ್ ಭಾಷೆಯಲ್ಲಿ ಬರೆದು 1653ರಲ್ಲಿ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣದಲ್ಲಿ ಅದನ್ನು ವಿವರಿಸಿದ್ದಾನೆ. ಉತ್ತಮ ಪುರುಷದಲ್ಲಿ ‘ಶಲ್’ ಎಂದರೆ ಮುಂದಾಗುವುದರ ಸೂಚನೆ ಮಾತ್ರ; ‘ವಿಲ್’ ಎಂದರೆ ವಾಗ್ದಾನ ಅಥವಾ ಬೆದರಿಕೆ. ಉಳಿದೆರಡು ಪುರುಷಗಳಲ್ಲಿ ಇದು ತಿರುಗುಮುರುಗಾಗುತ್ತದೆ. ಆದರೆ ಜನರು ವ್ಯಾಕರಣವನ್ನು ನೋಡಿಕೊಂಡು ಮಾತನಾಡುವುದಿಲ್ಲ. ಅಮೆರಿಕದ ವಿದ್ವಾಂಸ ಚಾರ್ಲ್ಸ್ ಫ್ರೈಸ್ ಹಲವು ತಲೆಮಾರುಗಳ ಇಂಗ್ಲಿಷ್ ನಾಟಕಗಳ ಸಂಭಾಷಣೆಗಳನ್ನು ಪರಿಶೀಲಿಸಿ, ಬಳಕೆಯು ಈ ನಿಯಮದಂತೆ ನಡೆದಿಲ್ಲವೆಂಬುದನ್ನು 1925ರಲ್ಲಿ ತೋರಿಸಿಕೊಟ್ಟನು.

ಅಲ್ಲದೆ, ದಿನಬಳಕೆಯ ಮಾತಿನಲ್ಲಿ ಈ ಎರಡು ಪದಗಳು ಪೂರ್ಣವಾಗಿ ಕೇಳಿಬರುವುದೇ ಕಡಿಮೆ. ‘ಐ ವಿಲ್’ ಎಂಬುದು ‘ಐಲ್’ ಆಗುತ್ತದೆ, ‘ಹೀ ವಿಲ್’ ಎಂಬುದು ‘ಹೀಲ್’ ಆಗುತ್ತದೆ. ಕನ್ನಡದ ಲೋಪಸಂಧಿಯಲ್ಲಿ ಸ್ವರವೊಂದು ಅಳಿಯುವಂತೆ ಇಲ್ಲಿ ಪದದ ಮುಕ್ಕಾಲು ಭಾಗವೇ ಅಳಿದು, ಕೊನೆಯ ಲಕಾರವೊಂದು ಕರ್ತೃಪದಕ್ಕೆ ಅಂಟಿಕೊಳ್ಳುತ್ತದೆ. ನೀರಿಗೆ ಬಿದ್ದವನು ‘ಐಲ್ ಡ್ರೌನ್’ ಎಂದಿದ್ದರೆ ಪ್ರಾಣ ಉಳಿಯುತ್ತಿತ್ತು! ಸಂಕಲ್ಪವೋ ಊಹೆಯೋ ಎಂಬ ಭೇದವು ಆ ಲಕಾರದಲ್ಲಿ ಉಳಿದಿಲ್ಲ. ಹಾಗಾದರೆ ಆ ಭೇದವನ್ನು ಕೇಳುಗನಿಗೆ ಮುಟ್ಟಿಸುವವರಾರು? ಸಂದರ್ಭ ಮತ್ತು ಧ್ವನಿಯೊಡನೆ ಈ ಭಾರವನ್ನು ಹೆಚ್ಚಾಗಿ ಹೊರುವುದು ಕ್ರಿಯಾವಿಶೇಷಣ. ‘ಐಲ್ ಪ್ರಾಬಬ್ಲಿ ಗೋ’ ಎಂದರೆ ಪ್ರಾಯಶಃ ಹೋಗುವೆನು; ‘ಐಲ್ ಡೆಫಿನಿಟ್ಲಿ ಗೋ’ ಎಂದರೆ ಖಂಡಿತ ಹೋಗುವೆನು; ‘ಐಲ್ ಗ್ಲ್ಯಾಡ್ಲಿ ಗೋ’ ಎಂದರೆ ಸಂತೋಷದಿಂದ ಹೋಗುವೆನು.

ಕನ್ನಡಿಗನಿಗೆ ಇದು ಸ್ವಲ್ಪ ಹೊಸದು. ‘ಬರುವನು’ ಎಂಬುದಕ್ಕೂ ‘ಬಂದಾನು’ ಎಂಬುದಕ್ಕೂ ಇರುವ ಅಂತರವನ್ನು ಕನ್ನಡದ ಕ್ರಿಯಾಪದವು ತನ್ನ ಪ್ರತ್ಯಯದಲ್ಲಿಯೇ ತೋರಿಸುತ್ತದೆ. ಸಂದೇಹವನ್ನು ಸೂಚಿಸಲು ಬೇರೆ ಪದ ಬೇಕೇಬೇಕೆಂದಿಲ್ಲ. ಇಂಗ್ಲಿಷಿನ ಕ್ರಿಯಾಪದಕ್ಕೆ ಅಂತಹ ಪ್ರತ್ಯಯಸಂಪತ್ತಿಲ್ಲ. ಆದುದರಿಂದ ಅಲ್ಲಿ ಬಿಡಿಪದಗಳು ಬೇಕು. ಬಿಡಿಪದಗಳು ಬಂದವೆಂದರೆ ಅವುಗಳ ಸ್ಥಾನದ ಪ್ರಶ್ನೆಯೂ ಬಂದೇ ಬರುತ್ತದೆ.

ಈ ಸ್ಥಾನವು ಮನಬಂದಂತೆ ಇರತಕ್ಕದ್ದಲ್ಲ. ಲಕಾರವು ಕರ್ತೃಪದಕ್ಕೆ ಅಂಟಿಕೊಂಡಿರುವುದರಿಂದ ಅವೆರಡರ ನಡುವೆ ಬೇರೆ ಪದಕ್ಕೆ ಎಡೆಯಿಲ್ಲ. ‘ಪ್ರಾಬಬ್ಲಿ’, ‘ನೆವರ್’, ‘ಆಲ್ವೇಸ್’ ಮುಂತಾದವು ಲಕಾರವನ್ನು ದಾಟಿ, ಮುಖ್ಯ ಕ್ರಿಯಾಪದದ ಹಿಂದೆ ಕುಳಿತುಕೊಳ್ಳುತ್ತವೆ. ಆದರೆ ‘ನೀನು ಹೋಗುವೆಯಾ?’ ಎಂದು ಕೇಳಿದಾಗ ಇಂಗ್ಲಿಷನು ‘ಯೆಸ್, ಐಲ್’ ಎಂದು ಎಂದಿಗೂ ಉತ್ತರಿಸಲಾರ. ಮುಂದೆ ಕ್ರಿಯಾಪದವಿಲ್ಲದಾಗ ‘ವಿಲ್’ ಪೂರ್ಣವಾಗಿಯೇ ನಿಲ್ಲಬೇಕು. ಆಗ ಕ್ರಿಯಾವಿಶೇಷಣವು ಅದರ ಹಿಂದಕ್ಕೆ ಸರಿದು ‘ಐ ಪ್ರಾಬಬ್ಲಿ ವಿಲ್’ ಎಂದಾಗುತ್ತದೆ. ‘ಐಲ್ ನೆವರ್ ಗೋ’ ಎಂದವನೇ ಮರುಗಳಿಗೆಯಲ್ಲಿ ‘ನೋ, ಐ ನೆವರ್ ವಿಲ್’ ಎನ್ನುತ್ತಾನೆ. ಒತ್ತಿ ಹೇಳುವಾಗಲೂ ಹೀಗೆಯೇ. ‘ಐ ರಿಯಲಿ ವಿಲ್ ಗೋ’ ಎಂಬಲ್ಲಿ ‘ವಿಲ್’ ಮೇಲೆ ಧ್ವನಿಯ ಭಾರ ಬಿದ್ದಿರುವುದರಿಂದ ಅದು ಕುಗ್ಗುವುದಿಲ್ಲ.

ನಿಜವಾದ ಅಪಾಯವಿರುವುದು ನಿಷೇಧದಲ್ಲಿ. ‘ವಿಲ್ ನಾಟ್’ ಕೂಡಿ ‘ವೋಂಟ್’ ಆಗುತ್ತದೆ. ‘ವೋಲ್’ ಎಂಬ ಹಳೆಯ ರೂಪವೊಂದರ ಓಕಾರ ಅದರಲ್ಲಿ ಇನ್ನೂ ಉಳಿದುಕೊಂಡಿದೆ. ಸಂಭವವನ್ನೂ ನಿಶ್ಚಯವನ್ನೂ ಸೂಚಿಸುವ ಕ್ರಿಯಾವಿಶೇಷಣಗಳು ಸಾಮಾನ್ಯವಾಗಿ ಇದರ ಮುಂಚೆ ಬರುತ್ತವೆ: ‘ಹೀ ಪ್ರಾಬಬ್ಲಿ ವೋಂಟ್ ಕಮ್’, ‘ಹೀ ಡೆಫಿನಿಟ್ಲಿ ವೋಂಟ್ ಕಮ್’. ‘ಅವನು ಖಂಡಿತ ಬರುವುದಿಲ್ಲ’ ಎಂಬುದನ್ನು ಇಂಗ್ಲಿಷಿಗೆ ತರುವ ವಿದ್ಯಾರ್ಥಿಯು ‘ಐಲ್ ಡೆಫಿನಿಟ್ಲಿ’ ಎಂಬ ಮಾದರಿಯನ್ನು ನೆನೆದು ‘ಹೀ ವೋಂಟ್ ಡೆಫಿನಿಟ್ಲಿ ಕಮ್’ ಎಂದುಬಿಡುತ್ತಾನೆ. ಇಂಗ್ಲಿಷ್ ಕಿವಿಗೆ ಅದರ ಅರ್ಥವೇ ಬೇರೆ. ನಿಷೇಧವು ತನ್ನ ಮುಂದಿರುವ ‘ಡೆಫಿನಿಟ್ಲಿ’ಯನ್ನೂ ಆವರಿಸಿ, ‘ಅವನು ಬಂದೇ ಬರುವನೆಂಬ ನಿಶ್ಚಯವಿಲ್ಲ’ ಎಂದಾಗುತ್ತದೆ. ಅಂದರೆ ಬಂದರೂ ಬಂದಾನು. ಒಂದೇ ಒಂದು ಪದವು ಒಂದು ಸ್ಥಾನ ಜರುಗಿದ ಮಾತ್ರಕ್ಕೆ, ಆಸೆ ಬಿಡಬೇಕಾದವರು ಬಾಗಿಲು ತೆರೆದು ಕಾಯುತ್ತ ಕುಳಿತುಕೊಳ್ಳಬೇಕಾಗುತ್ತದೆ. ‘ಆಲ್ವೇಸ್’ ಪದದ ರೀತಿ ಬೇರೆ. ಅದಕ್ಕೆ ‘ವೋಂಟ್’ ಪದದ ಮುಂದೆಯೇ ಸ್ಥಳ. ‘ಐ ವೋಂಟ್ ಆಲ್ವೇಸ್ ಬಿ ಹಿಯರ್’ ಎಂದು ಮುದುಕನೊಬ್ಬನು ಹೇಳಿದರೆ, ‘ನಾನು ಸದಾಕಾಲ ಇಲ್ಲಿರುವವನಲ್ಲ’ ಎಂದರ್ಥ. ಎಂದಿಗೂ ಇರುವುದಿಲ್ಲವೆಂದಲ್ಲ, ಇರುವಷ್ಟು ಕಾಲ ಇರುವೆನೆಂದೇ.

ಇದೆಲ್ಲವನ್ನೂ ಕಾಗದದ ಮೇಲೆ ಬಲ್ಲವನೂ ಕಿವಿಯಲ್ಲಿ ಸೋಲಬಹುದು. ವೇಗವಾಗಿ ಆಡಿದಾಗ ‘ಐಲ್’ ಪದದ ಲಕಾರವು ಬಲು ಕ್ಷೀಣವಾಗಿ ಕೇಳಿಸುತ್ತದೆ. ‘ಐ ನೆವರ್ ಡ್ರಿಂಕ್ ಕಾಫಿ’ ಎಂದರೆ ಕಾಫಿ ಕುಡಿಯುವ ಅಭ್ಯಾಸವಿಲ್ಲವೆಂದರ್ಥ. ‘ಐಲ್ ನೆವರ್ ಡ್ರಿಂಕ್ ಕಾಫಿ’ ಎಂದರೆ ಮುಂದೆಂದಿಗೂ ಕುಡಿಯುವುದಿಲ್ಲವೆಂಬ ಶಪಥ. ‘ಟುಮಾರೊ’ದಂತಹ ಪದವು ವಾಕ್ಯದ ಕೊನೆಯಲ್ಲಿದ್ದರೆ ಕಾಲವನ್ನು ಊಹಿಸಿಕೊಳ್ಳಬಹುದು. ‘ನೆವರ್’ ಅಂತಹ ನೆರವನ್ನು ನೀಡುವುದಿಲ್ಲ. ‘ವೋಂಟ್’ ಎಂಬುದನ್ನು ಬಯಕೆಯನ್ನು ಸೂಚಿಸುವ ‘ವಾಂಟ್’ ಎಂದು ಕೇಳಿಸಿಕೊಂಡರಂತೂ ಅರ್ಥವು ತಲೆಕೆಳಗಾಗುತ್ತದೆ.

ಕನ್ನಡಿಗರು ತಮ್ಮ ಮಾತಿನಲ್ಲಿ ಕಾಲಗಳೊಡನೆ ಇದಕ್ಕಿಂತ ಧಾರಾಳವಾಗಿಯೇ ವರ್ತಿಸುತ್ತಾರೆ. ಬಾಗಿಲಿನಿಂದ ಯಾರಾದರೂ ಕೂಗಿದರೆ, ಇನ್ನೂ ಎದ್ದೇ ಇಲ್ಲದವರು ಒಳಗಿನಿಂದ ‘ಬಂದೆ, ಬಂದೆ’ ಎಂದು ಭೂತಕಾಲದಲ್ಲಿ ಉತ್ತರ ಕೊಡುತ್ತಾರೆ. ಇಂಗ್ಲಿಷನು ಆ ಅವಸರವನ್ನು ಭವಿಷ್ಯತ್ಕಾಲದಲ್ಲಿ ಹೇಳುವುದುಂಟು: ‘ಐಲ್ ಬಿ ರೈಟ್ ದೇರ್’. ಅಲ್ಲಿ ಅವಸರವೆಲ್ಲವೂ ‘ರೈಟ್’ ಎಂಬ ಆ ಪುಟ್ಟ ಕ್ರಿಯಾವಿಶೇಷಣದಲ್ಲಿ ಅಡಗಿದೆ. ಅದನ್ನು ತೆಗೆದು ‘ಐಲ್ ಬಿ ದೇರ್’ ಎಂದರೆ, ಕರೆದವನು ನಾಳೆಯವರೆಗೂ ಕಾಯಬೇಕಾದೀತು.